ಗಣಿತದ ಮೇಷ್ಟ್ರು ನಿವೃತ್ತರಾಗುವಾಗ ಒಪ್ಪಿಸಿ ಹೋಗಬೇಕಾದದ್ದು

ನಿವೃತ್ತಿ ಹತ್ತಿರ ಬಂದಾಗ ಕಾಲೇಜಿನ ಕಚೇರಿ ಕೇಳುವ ಪಟ್ಟಿ ಚಿಕ್ಕದು: ಕೊಠಡಿಯ ಕೀಲಿಕೈ, ಲೈಬ್ರರಿಯ ಪುಸ್ತಕ, ಲ್ಯಾಪ್‌ಟಾಪ್, ಗುರುತಿನ ಚೀಟಿ. ಒಂದು ಮಧ್ಯಾಹ್ನ ಕೂತರೆ ಎಲ್ಲವನ್ನೂ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬಹುದು. ಆದರೆ ಮೂವತ್ತು ಮೂವತ್ತೈದು ವರ್ಷ ಕಲನಶಾಸ್ತ್ರ, ಲೀನಿಯರ್ ಆಲ್ಜಿಬ್ರಾ, ರಿಯಲ್ ಅನಾಲಿಸಿಸ್ ಪಾಠ ಮಾಡಿದವರ ಹತ್ತಿರ ಆ ಪಟ್ಟಿಯಲ್ಲಿ ಇಲ್ಲದ್ದೊಂದು ಇರುತ್ತದೆ. ತರಗತಿ ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ, ಆ ಎಡವಟ್ಟನ್ನು ಹೊರಗೆಳೆಯಲು ಯಾವ ಲೆಕ್ಕದಲ್ಲಿ ಯಾವ ಅಂಕಿ ಕೂರಿಸಬೇಕು ಎಂಬ ತಿಳಿವಳಿಕೆ ಅದು. ಪ್ರಮೇಯ, ಅದರ ಸಾಧನೆ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಈ ತಿಳಿವಳಿಕೆ ಮೇಷ್ಟ್ರ ತಲೆಯಲ್ಲಿದ್ದು ಅವರ ಜೊತೆಯಲ್ಲೇ ಮನೆಗೆ ಹೋಗುತ್ತದೆ. ಮುಂದಿನವರು ಅದನ್ನು ಮತ್ತೆ ಹತ್ತು ವರ್ಷ ಕಳೆದು ಮೊದಲಿನಿಂದ ಕಲಿಯುತ್ತಾರೆ.

ಇದನ್ನು ಬರಹಕ್ಕಿಳಿಸಿ ಕೈಗೊಪ್ಪಿಸುವುದಕ್ಕೆ ಮೂರು ಸೆಮಿಸ್ಟರ್ ಬೇಕು. ಕಡೆಯ ತಿಂಗಳಲ್ಲಿ ಕೂತು ಬರೆದರಾಯಿತು ಎಂದುಕೊಂಡರೆ ಆಗದು. ಕಾರಣ ಸರಳ: ನೆನಪಿನಿಂದ ಬರೆದ ತಪ್ಪುಗಳ ಪಟ್ಟಿ ನಂಬಲು ಅರ್ಹವಲ್ಲ. ನಮಗೆ ನೆನಪಿರುವುದು ವಿಚಿತ್ರವಾದ ತಪ್ಪು, ನಗು ತರಿಸಿದ ತಪ್ಪು. ತರಗತಿಯ ಅರ್ಧದಷ್ಟು ಮಂದಿ ವರ್ಷ ವರ್ಷವೂ ಮಾಡುವ ತಪ್ಪು ನಮಗೆ ಎಷ್ಟು ರೂಢಿಯಾಗಿರುತ್ತದೆ ಎಂದರೆ ಅದು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಮೊದಲ ಸೆಮಿಸ್ಟರ್‌ನಲ್ಲಿ ಮನೆಗೆಲಸದ ಪುಸ್ತಕ, ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರತಿ ತಪ್ಪಿಗೆ ಒಂದು ಗೆರೆ ಎಳೆಯುತ್ತ ಹೋಗಬೇಕು. ಎರಡನೆಯ ಸೆಮಿಸ್ಟರ್‌ನಲ್ಲಿ ಆ ಹಾಳೆಗಳನ್ನು ಪ್ರಶ್ನೆಗಳಿಗೆ ಜೋಡಿಸಬೇಕು. ಮೂರನೆಯದರಲ್ಲಿ ಪಾಠ ಮಾಡುವವರು ಬೇರೆಯವರು, ನಾವು ಕೂತು ಕೇಳುವವರು.

ಪ್ರಶ್ನೆಗಳ ಸಂಗ್ರಹದಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಹೆಚ್ಚು ಬಾಳುವುದು ಅದೇ. ಸಾಮಾನ್ಯವಾಗಿ ನಾವು ಬಿಟ್ಟು ಹೋಗುವುದು ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು. ಅದನ್ನು ನೋಡಿದವರಿಗೆ ಯಾವ ಪ್ರಶ್ನೆ ಯಾಕೆ ಹಾಗಿದೆ ಎಂದು ತಿಳಿಯುವುದಿಲ್ಲ. ಒಂದು ಉದಾಹರಣೆ. ಐಗನ್ ವ್ಯಾಲ್ಯೂ (ತನ್ನ ಗೆರೆ ಬಿಡದ ವೆಕ್ಟರನ್ನು ಮಾತೃಕೆ ಎಷ್ಟು ಪಟ್ಟು ಮಾಡುತ್ತದೆ ಎಂಬ ಸಂಖ್ಯೆ) ಕಂಡುಹಿಡಿಯಲು ಎರಡು ಸಾಲು ಎರಡು ಕಂಬದ ಒಂದು ಮಾತೃಕೆ (ಮ್ಯಾಟ್ರಿಕ್ಸ್): ಮೇಲಿನ ಸಾಲು −1, 6, ಕೆಳಗಿನ ಸಾಲು −3, 8. ಕರ್ಣದ ಮೊತ್ತ 7, ನಿರ್ಧಾರಕ (ಡಿಟರ್ಮಿನಂಟ್) 10; ಐಗನ್ ವ್ಯಾಲ್ಯೂಗಳನ್ನು ಕೂಡಿದರೆ 7, ಗುಣಿಸಿದರೆ 10 ಬರಬೇಕು, ಹಾಗಾಗಿ ಅವು 2 ಮತ್ತು 5. ಚೆನ್ನಾಗಿದೆ. ಮುಂದಿನ ವರ್ಷ ಅದೇ ಪ್ರಶ್ನೆ ಬರಬಾರದೆಂದು ಹೊಸಬರು 8ನ್ನು 7 ಮಾಡುತ್ತಾರೆ. ಈಗ ಕರ್ಣದ ಮೊತ್ತ 6, ನಿರ್ಧಾರಕ 11. ವರ್ಗಸಮೀಕರಣ ಬಿಡಿಸುವಾಗ ವರ್ಗಮೂಲದ ಒಳಗೆ 36ರಿಂದ 44 ಕಳೆದು −8 ಉಳಿಯುತ್ತದೆ. ಮೂಲಗಳು ಸಂಕೀರ್ಣ ಸಂಖ್ಯೆಗಳಾದವು. ವಾಸ್ತವ ಸಂಖ್ಯೆಗಳ ಮೇಲಷ್ಟೇ ಪಾಠ ಕೇಳಿದ ಹುಡುಗರು ಪರೀಕ್ಷಾ ಕೊಠಡಿಯಲ್ಲಿ ಮೂರು ಸಲ ಲೆಕ್ಕ ಹೊಡೆದು ಹಾಕಿ, ತಮ್ಮದೇ ತಪ್ಪೆಂದು ಹೆದರಿ, ಉಳಿದ ಪ್ರಶ್ನೆಗಳಿಗೆ ಸಮಯವಿಲ್ಲದೆ ಹೊರಬರುತ್ತಾರೆ.

ಹಾಗಾಗಿ ಮಾತೃಕೆಯ ಜೊತೆ ಅದನ್ನು ಕಟ್ಟಿದ ಬಗೆಯನ್ನೂ ಬರೆದಿಡಬೇಕು. ಇದನ್ನು ಕಟ್ಟುವುದು ಹಿಂದುಮುಂದಾಗಿ. ಮೊದಲು ನಿರ್ಧಾರಕ 1 ಇರುವ ಪೂರ್ಣಾಂಕಗಳ ಮಾತೃಕೆ ಒಂದನ್ನು ಆರಿಸಿಕೊಳ್ಳಿ. ಇಲ್ಲಿ ಅದು 2, 1 ಮೇಲೆ, 1, 1 ಕೆಳಗೆ. ನಿರ್ಧಾರಕ 1 ಆದ್ದರಿಂದ ಅದರ ವಿಲೋಮವೂ ಪೂರ್ಣಾಂಕಗಳದ್ದೇ: 1, −1 ಮೇಲೆ, −1, 2 ಕೆಳಗೆ. ನಡುವೆ ಬೇಕಾದ ಐಗನ್ ವ್ಯಾಲ್ಯೂಗಳನ್ನು ಕರ್ಣದಲ್ಲಿಟ್ಟು, ಎಡಕ್ಕೆ ಮೊದಲನೆಯದನ್ನೂ ಬಲಕ್ಕೆ ವಿಲೋಮವನ್ನೂ ಗುಣಿಸಿದರೆ ಪ್ರಶ್ನೆ ಸಿದ್ಧ. ಅಂಕಿ ಬದಲಿಸಬೇಕಾದರೆ ಕರ್ಣದ 2 ಮತ್ತು 5ನ್ನು ಬದಲಿಸಿ ಮತ್ತೆ ಗುಣಿಸಬೇಕು. ಸಿದ್ಧವಾದ ಮಾತೃಕೆಯ ಒಳಗೆ ಕೈ ಹಾಕಬಾರದು. ಈ ನಾಲ್ಕು ಸಾಲು ಬರೆದಿಟ್ಟರೆ ಮುಂದಿನವರು ಎಷ್ಟು ಪ್ರಶ್ನೆ ಬೇಕಾದರೂ ಮಾಡಿಕೊಳ್ಳುತ್ತಾರೆ.

ಸಮಮಿತ ಮಾತೃಕೆಗಳಲ್ಲಿ (ಕರ್ಣದ ಎರಡೂ ಬದಿಗೆ ಅವೇ ಅಂಕಿಗಳಿರುವವು) ತೊಂದರೆ ಇನ್ನೂ ಹೆಚ್ಚು. ಆರ್ಥೋಗೊನಲ್ ಆಗಿ ಕರ್ಣೀಕರಿಸಿ (ಒಂದಕ್ಕೊಂದು ಲಂಬವಾದ, ಉದ್ದ 1 ಇರುವ ವೆಕ್ಟರ್‌ಗಳಿಂದ ಕರ್ಣದ ರೂಪಕ್ಕೆ ತನ್ನಿ) ಎಂದು ಕೇಳಿದಾಗ ವೆಕ್ಟರ್‌ಗಳ ಉದ್ದಕ್ಕೆ ಅಡ್ಡಾದಿಡ್ಡಿ ವರ್ಗಮೂಲಗಳು ಬಂದರೆ ವಿದ್ಯಾರ್ಥಿಯ ಸಮಯವೆಲ್ಲ ಅಂಕಗಣಿತಕ್ಕೆ ಹೋಗುತ್ತದೆ. (1, 2, 2), (2, 1, −2), (2, −2, 1) ಈ ಮೂರು ವೆಕ್ಟರ್‌ಗಳು ಒಂದಕ್ಕೊಂದು ಲಂಬ. ಮೂರರ ಉದ್ದವೂ ಸರಿಯಾಗಿ 3. ಇವುಗಳಿಗೆ ಕ್ರಮವಾಗಿ 3, 0, −3 ಐಗನ್ ವ್ಯಾಲ್ಯೂ ಕೊಟ್ಟು ಕಟ್ಟಿದರೆ ಸಿಗುವ ಮಾತೃಕೆಯ ಸಾಲುಗಳು −1, 2, 0. 2, 0, 2. 0, 2, 1. ಎಲ್ಲವೂ ಸಣ್ಣ ಅಂಕಿಗಳು, ಮೂರು ಸೊನ್ನೆಗಳು, ಒಳಗೆ ಅಡಗಿರುವ ಉತ್ತರವೂ ಚೊಕ್ಕ. ಇಂಥ ಮೂರು ವೆಕ್ಟರ್‌ಗಳ ಗುಂಪು ಬೋಧಕರ ಜೋಳಿಗೆಯಲ್ಲಿ ಇರಲೇಬೇಕಾದ ಸರಕು. ಒಂದು ಕಾರ್ಡಿನ ಮೇಲೆ ಬರೆದು ಕೊಡಿ.

ಅದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಪ್ರಶ್ನೆ ಸರಿಯಿರುತ್ತದೆ, ಉತ್ತರ ಸರಿಯಿರುತ್ತದೆ, ಆದರೆ ತಪ್ಪು ದಾರಿ ಹಿಡಿದವರಿಗೂ ಸರಿಯುತ್ತರವೇ ಬರುತ್ತದೆ. ಅನಂತ ಸರಣಿಗಳ ಮೇಲಿನ ಒಂದು ಮಾದರಿ ಪ್ರಶ್ನೆ ನೋಡಿ: ಐದು ಸರಣಿ, ಯಾವುದು ಒಮ್ಮುಖವಾಗುತ್ತದೆ (ಕೂಡುತ್ತ ಹೋದರೆ ಮೊತ್ತ ಒಂದು ನಿಶ್ಚಿತ ಸಂಖ್ಯೆಯತ್ತ ಹೋಗುತ್ತದೆ), ಯಾವುದು ಇಲ್ಲ. ಸಾಮಾನ್ಯ ಪದಗಳು ಹೀಗಿವೆ: ಎನ್ ವರ್ಗ ಛೇದದಲ್ಲಿರುವ ಒಂದು, ಎರಡರ ಎನ್ ಘಾತದಿಂದ ಭಾಗಿಸಿದ ಎನ್, ಚಿಹ್ನೆ ಬದಲಾಗುತ್ತ ಹೋಗುವ 1/ಎನ್, ಎನ್ ಭಾಗಿಸು ಎನ್ + 1, ಮತ್ತು 1 + 1/ಎನ್‌ನ ಎನ್ ಘಾತ. ಮೊದಲ ಮೂರು ಒಮ್ಮುಖ, ಕೊನೆಯ ಎರಡು ಅಲ್ಲ. ಈಗ 'ಪದಗಳು ಸೊನ್ನೆಗೆ ಹೋದರೆ ಸರಣಿ ಒಮ್ಮುಖ' ಎಂದು ತಪ್ಪಾಗಿ ನಂಬಿರುವ ವಿದ್ಯಾರ್ಥಿಯನ್ನು ಇದರ ಮುಂದೆ ಕೂರಿಸಿ. ಮೊದಲ ಮೂರರ ಪದ ಸೊನ್ನೆಗೆ ಹೋಗುತ್ತದೆ. ನಾಲ್ಕನೆಯದರದು 1ಕ್ಕೆ, ಐದನೆಯದರದು 2.718ರ ಆಸುಪಾಸಿನ ಆ ಪ್ರಸಿದ್ಧ ಸಂಖ್ಯೆಗೆ. ಐದಕ್ಕೆ ಐದೂ ಸರಿ! ಅನಾಲಿಸಿಸ್‌ನ ಅತಿ ದೊಡ್ಡ ತಪ್ಪು ತಿಳಿವಳಿಕೆಗೆ ಪೂರ್ತಿ ಅಂಕ ಸಿಕ್ಕಿತು, ಅದು ಮುಂದಿನ ತರಗತಿಗೂ ಹೋಯಿತು.

1/ಎನ್ ಸರಣಿಯನ್ನು ಸೇರಿಸಿದರೂ ಇದು ಸರಿಹೋಗುವುದಿಲ್ಲ, ಅದು ಒಮ್ಮುಖವಲ್ಲ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಸೇರಿಸಬೇಕಾದ್ದು ಇದು: ಎನ್ + 1ರ ವರ್ಗಮೂಲದಿಂದ ಎನ್‌ನ ವರ್ಗಮೂಲವನ್ನು ಕಳೆದದ್ದು. ಪದ ಸೊನ್ನೆಗೆ ಹೋಗುತ್ತದೆ. ಆದರೆ ಕೂಡುತ್ತ ಹೋದರೆ ನಡುವಿನದೆಲ್ಲ ಒಂದನ್ನೊಂದು ಹೊಡೆದುಹಾಕಿ, ಮೊದಲ 99 ಪದಗಳ ಮೊತ್ತ 100ರ ವರ್ಗಮೂಲದಿಂದ 1 ಕಳೆದರೆ ಬರುವ 9; ಮೊದಲ 9,999 ಪದಗಳ ಮೊತ್ತ 99. ಮೊತ್ತ ಬೆಳೆಯುತ್ತಲೇ ಇದೆ ಎಂದು ಯಾವ ಪರೀಕ್ಷಾ ಸೂತ್ರವೂ ಇಲ್ಲದೆ ಕಣ್ಣಿಗೇ ಕಾಣುತ್ತದೆ. ಸಂಗ್ರಹದ ಪ್ರತಿ ಪ್ರಶ್ನೆಗೂ ಈ ಜರಡಿ ಹಿಡಿಯಬೇಕು: ಯಾವ ತಪ್ಪು ನಂಬಿಕೆ ಇಟ್ಟುಕೊಂಡವರು ಇದರಲ್ಲಿ ಪಾರಾಗುತ್ತಾರೆ? ನೂರು ಪ್ರಶ್ನೆಗಳಿಗೆ ಇದನ್ನು ಮಾಡಲು ದಿನಕ್ಕೆ ನಾಲ್ಕೈದರಂತೆ ಒಂದು ತಿಂಗಳು ಹಿಡಿಯುತ್ತದೆ. ಪಾರಾಗುವ ದಾರಿ ಕಂಡ ಪ್ರಶ್ನೆಗಳನ್ನು ಎಸೆಯಬೇಡಿ. ಪ್ರತಿ ಪ್ರಶ್ನೆಗೂ ಒಂದು ಕಾರ್ಡು ಮಾಡಿ, ಅದರ ಮೇಲೆ ಆ ದಾರಿಯನ್ನು ಬರೆದು, ಅದನ್ನು ಮುಚ್ಚುವ ಇನ್ನೊಂದು ಪ್ರಶ್ನೆಯ ಸಂಖ್ಯೆ ಕೊಡಿ.

ಕಾರ್ಡಿನ ಮೇಲೆ ಇರಬೇಕಾದ್ದು ಇಷ್ಟು: ಪ್ರಶ್ನೆ, ಅದು ಪರೀಕ್ಷಿಸುವ ಒಂದೇ ಒಂದು ವಿಷಯ, ಪೂರ್ತಿ ಉತ್ತರ, ಹಿಡಿಯುವ ನಿಮಿಷ, ಕಂಡ ತಪ್ಪುಗಳು ಮತ್ತು ಎಷ್ಟು ಮಂದಿಯಲ್ಲಿ ಎಷ್ಟು ಜನ, ಬದಲಿಸಬಹುದಾದ ಅಂಕಿ ಯಾವುದು, ಬದಲಿಸಬಾರದ್ದು ಯಾವುದು. ನಿಮಿಷದ ಲೆಕ್ಕಕ್ಕೆ ನನ್ನ ಅಳತೆ ಹೀಗೆ: ಉತ್ತರವನ್ನು ನಾವೇ ಒಂದೂ ಹಂತ ಬಿಡದೆ ಕೈಯಲ್ಲಿ ಬರೆದಾಗ ಎಷ್ಟು ಹೊತ್ತಾಯಿತೋ ಅದರ ನಾಲ್ಕರಷ್ಟು. ಮೂರರಷ್ಟು ಇಟ್ಟರೆ ಬುದ್ಧಿವಂತರು ಮಾತ್ರ ಮುಗಿಸುತ್ತಾರೆ. ಉತ್ತರವನ್ನು ಹಳೆಯ ಕಾಗದದಿಂದ ನಕಲು ಮಾಡದೆ ಹೊಸದಾಗಿ ಬಿಡಿಸಿ ಬರೆಯಲೇಬೇಕು; ವರ್ಷಗಳಿಂದ ಸರಿಯೆಂದುಕೊಂಡಿದ್ದ ಮಾದರಿ ಉತ್ತರದಲ್ಲಿ ಸೊನ್ನೆಯಿಂದ ಭಾಗಿಸಿದ ಹಂತ ಅವಿತಿರುವುದು ಗೊತ್ತಾಗುವುದು ಹಾಗೆ ಬರೆದಾಗಲೇ.

ಇನ್ನು ಪಾಠದ ಟಿಪ್ಪಣಿ. ಇದರಲ್ಲಿ ಪ್ರಮೇಯಗಳನ್ನು ಮತ್ತೆ ಬರೆಯಲು ಹೋಗಬೇಡಿ. ಬೋರ್ಡಿನ ಮೇಲೆ ಏನು ಎಲ್ಲಿ ಬರುತ್ತದೆ ಎಂಬುದನ್ನು ಬರೆಯಿರಿ. ಎಕ್ಸ್ ವರ್ಗ ಎಂಬ ಉತ್ಪನ್ನ (ಫಂಕ್ಷನ್) 'ಎ' ಎಂಬ ಬಿಂದುವಿನಲ್ಲಿ ಅವಿಚ್ಛಿನ್ನ (ಅಲ್ಲಿ ಮುರಿಯದೆ ಸಾಗುವಂಥದ್ದು) ಎಂದು ಎಪ್ಸಿಲಾನ್–ಡೆಲ್ಟಾ ಬಳಸಿ ತೋರಿಸುವ ಪಾಠವನ್ನೇ ತೆಗೆದುಕೊಳ್ಳಿ. ಎಪ್ಸಿಲಾನ್ ಎಷ್ಟೇ ಚಿಕ್ಕದಿರಲಿ, ಎಕ್ಸ್ ಎ ಇಂದ ಡೆಲ್ಟಾದಷ್ಟು ದೂರದೊಳಗಿದ್ದರೆ ವರ್ಗಗಳ ಅಂತರ ಎಪ್ಸಿಲಾನ್‌ಗಿಂತ ಚಿಕ್ಕದಿರುವಂಥ ಡೆಲ್ಟಾ ಹುಡುಕಬೇಕು. ಎಕ್ಸ್ ವರ್ಗದಿಂದ ಎ ವರ್ಗ ಕಳೆದರೆ ಬರುವುದು ಎಕ್ಸ್ − ಎ ಮತ್ತು ಎಕ್ಸ್ + ಎ ಇವುಗಳ ಗುಣಲಬ್ಧ. ಅದು ಎಪ್ಸಿಲಾನ್‌ಗಿಂತ ಚಿಕ್ಕದಾಗಬೇಕು. ತಕ್ಷಣ ವಿದ್ಯಾರ್ಥಿ ಬರೆಯುವುದು: ಡೆಲ್ಟಾ ಎಂದರೆ ಎಪ್ಸಿಲಾನ್ ಭಾಗಿಸು ಎಕ್ಸ್ + ಎ. ಬೀಜಗಣಿತ ಸರಿ, ಸಾಧನೆ ಪೂರ್ತಿ ತಪ್ಪು, ಯಾಕೆಂದರೆ ಎಕ್ಸ್ ಇನ್ನೂ ಬಂದೇ ಇಲ್ಲ. ಡೆಲ್ಟಾ ಆರಿಸಿದ ಮೇಲಷ್ಟೇ ಎಕ್ಸ್ ಬರುವುದು. ಸರಿಯಾದ ಆಯ್ಕೆಯೆಂದರೆ 1 ಮತ್ತು ಎಪ್ಸಿಲಾನ್ ಭಾಗಿಸು (1 + ಎ ನಿರಪೇಕ್ಷ ಬೆಲೆಯ ಎರಡರಷ್ಟು), ಇವೆರಡರಲ್ಲಿ ಚಿಕ್ಕದು. ಆ '1' ಎಲ್ಲಿಂದ ಉದುರಿತು ಎಂದು ತರಗತಿ ಬೆರಗಾಗಿ ನೋಡುತ್ತದೆ.

ಈ ಎಡವಟ್ಟಿಗೆ ಅರ್ಧ ಕಾರಣ ಬೋರ್ಡು. ನಾವು ರಫ್ ಕೆಲಸ ಮತ್ತು ಸಾಧನೆ ಎರಡನ್ನೂ ಒಂದೇ ಜಾಗದಲ್ಲಿ, ಮೇಲಿನಿಂದ ಕೆಳಕ್ಕೆ ಬರೆಯುತ್ತೇವೆ. ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ ಅದು ಒಂದೇ ವಾದದಂತೆ ಕೂರುತ್ತದೆ. ಬೋರ್ಡಿನ ಎಡಗಡೆಯ ಮೂರನೇ ಒಂದು ಭಾಗವನ್ನು ಗೆರೆ ಎಳೆದು ರಫ್ ಕೆಲಸಕ್ಕೆ ಬಿಡಬೇಕು. ಅಲ್ಲಿ ಹಿಂದಿನಿಂದ ಮುಂದಕ್ಕೆ ಹುಡುಕಾಟ. 'ಎಕ್ಸ್ ಎ ಇಂದ 1ರೊಳಗೇ ಇರಲಿ ಎಂದುಕೊಳ್ಳೋಣ, ಆಗ ಎಕ್ಸ್ + ಎ ಎಷ್ಟು ದೊಡ್ಡದಾಗಬಹುದು?' ಎಂಬ ಪ್ರಶ್ನೆ ಅಲ್ಲೇ ಬರಬೇಕು. ಬಲಭಾಗದಲ್ಲಿ ಸಾಧನೆ, ಮೊದಲ ಸಾಲು ಯಾವಾಗಲೂ 'ಎಪ್ಸಿಲಾನ್ ಕೊಟ್ಟಿದ್ದಾರೆ'. ಸಾಧನೆ ಮುಗಿದ ಮೇಲೂ ಎಡಭಾಗವನ್ನು ಒರೆಸಬಾರದು. ಇದನ್ನು ಟಿಪ್ಪಣಿಯಲ್ಲಿ ಚಿತ್ರ ಸಮೇತ ತೋರಿಸಿ. ಬೋರ್ಡಿನ ಫೋಟೋ ಒಂದಿದ್ದರೆ ಸಾಕು.

ಇದರ ಮುಂದಿನ ಮೆಟ್ಟಿಲು ಏಕರೂಪ ಅವಿಚ್ಛಿನ್ನತೆ, ಅಂದರೆ ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ ಸಾಕಾಗುವುದು. ಎಕ್ಸ್ ವರ್ಗಕ್ಕೆ ಅದು ಇಲ್ಲ. ಅಲ್ಲಿಗೆ ಬೇಕಾದ ಜೋಡಿ ಬಿಂದು: ಎನ್ ಮತ್ತು ಎನ್ + 1/ಎನ್. ಅಂತರ ಎಷ್ಟು ಬೇಕಾದರೂ ಚಿಕ್ಕದಾಗುತ್ತದೆ, ವರ್ಗಗಳ ಅಂತರ ಮಾತ್ರ 2ಕ್ಕಿಂತ ಹೆಚ್ಚೇ ಉಳಿಯುತ್ತದೆ. 'ಪ್ರತಿಯೊಂದಕ್ಕೂ ಒಂದು ಇದೆ' ಮತ್ತು 'ಎಲ್ಲಕ್ಕೂ ಒಂದೇ ಇದೆ' ಇವುಗಳ ವ್ಯತ್ಯಾಸ ಇಲ್ಲಿ ಬಗೆಹರಿಯದಿದ್ದರೆ ಉತ್ಪನ್ನಗಳ ಸರಣಿಗೆ ಬಂದಾಗ ತರಗತಿ ಕೈಬಿಟ್ಟು ಹೋಗುತ್ತದೆ. ಇಲ್ಲಿ ಎಡವಿದ ವಿದ್ಯಾರ್ಥಿಗಳಿಗೆ ಹೇಳಬೇಕಾದ ಒಂದು ಮಾತಿದೆ. 1821ರಲ್ಲಿ ಫ್ರೆಂಚ್ ಗಣಿತಜ್ಞ ಕೋಷಿ ತನ್ನ ಅನಾಲಿಸಿಸ್ ಪಠ್ಯದಲ್ಲಿ ಅವಿಚ್ಛಿನ್ನ ಉತ್ಪನ್ನಗಳ ಒಮ್ಮುಖ ಸರಣಿಯ ಮೊತ್ತವೂ ಅವಿಚ್ಛಿನ್ನವೇ ಎಂದು ಬರೆದ. 1826ರಲ್ಲಿ ನಾರ್ವೆಯ ಗಣಿತಜ್ಞ ಆಬೆಲ್ ಇದಕ್ಕೆ ಅಪವಾದವಿದೆ ಎಂದು ತೋರಿಸಿದ: ಸೈನ್ ಎಕ್ಸ್, ಕಳೆ ಸೈನ್ 2ಎಕ್ಸ್‌ನ ಅರ್ಧ, ಕೂಡು ಸೈನ್ 3ಎಕ್ಸ್‌ನ ಮೂರನೇ ಒಂದು ಭಾಗ, ಹೀಗೆ ಸಾಗುವ ಸರಣಿ. ಪೈ ಎಂಬಲ್ಲಿ ಮೊತ್ತ ಸೊನ್ನೆ. ಎಡದಿಂದ ಪೈ ಹತ್ತಿರ ಬಂದರೆ ಮೊತ್ತ ಪೈ ಅರ್ಧದತ್ತ ಹೋಗುತ್ತದೆ. ಕೋಷಿಯಂಥವರನ್ನೂ ಎಡವಿಸಿದ ಕಲ್ಲು ಇದು ಎಂದು ತಿಳಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ. ಟಿಪ್ಪಣಿಯ ಯಾವ ಪುಟದಲ್ಲಿ ಈ ಮಾತು ಬರಬೇಕು ಎಂದೂ ಗುರುತು ಹಾಕಿಡಿ. ವ್ಯಾಖ್ಯೆ ಕೊಡುವ ಮೊದಲೇ ಹೇಳಿದರೆ ಅದು ಬರೀ ಕಥೆಯಾಗುತ್ತದೆ, ಎಡವಿದ ಮೇಲೆ ಹೇಳಬೇಕು.

ಪ್ರತ್ಯುದಾಹರಣೆಗಳಿಗೆ ಬೇರೆಯೇ ಒಂದು ಪಟ್ಟಿ ಮಾಡಿ. ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ತಪ್ಪು ನಂಬಿಕೆಯನ್ನು ಮುರಿಯುತ್ತದೆ ಎಂದಿರಲಿ. 12 ಅಂಶಗಳ ಆಲ್ಟರ್ನೇಟಿಂಗ್ ಗ್ರೂಪಿಗೆ 6 ಅಂಶಗಳ ಉಪಗ್ರೂಪ್ ಇಲ್ಲ: ಲಗ್ರಾಂಜ್ ಪ್ರಮೇಯದ (ಉಪಗ್ರೂಪಿನ ಅಂಶಗಳ ಸಂಖ್ಯೆ ಗ್ರೂಪಿನದನ್ನು ಭಾಗಿಸುತ್ತದೆ) ವಿಲೋಮ, ಅಂದರೆ ಭಾಗಿಸುವ ಪ್ರತಿ ಸಂಖ್ಯೆಗೂ ಉಪಗ್ರೂಪ್ ಇರುತ್ತದೆ ಎಂಬುದು ನಿಜವೆಂಬ ನಂಬಿಕೆಗೆ. ಎರಡು ಚಲಪದಗಳ ಸೀಮೆಗೆ (ಲಿಮಿಟ್) ನನಗೆ ಬಹಳ ಬೆಲೆಯುಳ್ಳದ್ದು ಇದು: ಅಂಶದಲ್ಲಿ ಎಕ್ಸ್ ವರ್ಗ ಗುಣಿಸು ವೈ, ಛೇದದಲ್ಲಿ ಎಕ್ಸ್‌ನ ನಾಲ್ಕನೇ ಘಾತ ಕೂಡು ವೈ ವರ್ಗ. ಮೂಲಬಿಂದುವಿಗೆ ಯಾವ ನೇರ ಗೆರೆಯ ಮೇಲೆ ಬಂದರೂ ಬೆಲೆ ಸೊನ್ನೆಗೆ ಹೋಗುತ್ತದೆ. ವೈ = ಎಕ್ಸ್ ವರ್ಗ ಎಂಬ ಪರವಲಯದ ಮೇಲೆ ಬಂದರೆ ಉದ್ದಕ್ಕೂ ಅರ್ಧ. ಧ್ರುವ ನಿರ್ದೇಶಾಂಕಕ್ಕೆ ತಿರುಗಿಸಿ 'ಪ್ರತಿ ಕೋನಕ್ಕೂ ಸೊನ್ನೆ, ಆದ್ದರಿಂದ ಸೀಮೆ ಸೊನ್ನೆ' ಎಂದು ಬರೆಯುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಕೋನವೂ ದೂರದ ಜೊತೆಗೆ ಬದಲಾಗಬಹುದು ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಗಮನಿಸಿ, ಇದೂ 'ಪ್ರತಿಯೊಂದಕ್ಕೂ' ಮತ್ತು 'ಎಲ್ಲಕ್ಕೂ ಒಂದೇ' ಎಂಬ ಅದೇ ಗೊಂದಲ, ಬೇರೆ ವೇಷದಲ್ಲಿ. ಈ ಎರಡು ಕಾರ್ಡುಗಳನ್ನು ಒಂದಕ್ಕೊಂದು ಜೋಡಿಸಿ ತೋರಿಸುವುದು ಮುಂದಿನವರಿಗೆ ದೊಡ್ಡ ಉಪಕಾರ.

ಕಡತಗಳ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಕೈಬರಹದ ಟಿಪ್ಪಣಿಗಳನ್ನು ಸ್ಕ್ಯಾನ್ ಮಾಡುವ ಮೊದಲು ಪ್ರತಿ ಹಾಳೆಗೂ ಪುಟಸಂಖ್ಯೆ ಬರೆಯಿರಿ, ದಾರ ಬಿಚ್ಚಿದ ಮೇಲೆ ಬರೆಯಲು ಹೋದರೆ ಕ್ರಮ ತಪ್ಪುತ್ತದೆ. 300 ಡಿಪಿಐ ಸಾಕು, ಆದರೆ ಗ್ರೇಸ್ಕೇಲ್‌ನಲ್ಲೇ ಮಾಡಬೇಕು. ಬರೀ ಕಪ್ಪುಬಿಳುಪಿನಲ್ಲಿ ಮಾಡಿದರೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದದ್ದು ಮಾಯವಾಗುತ್ತದೆ, ಬೆಲೆಬಾಳುವುದು ಅದೇ.

ಗಣಿತದ ಬರಹವನ್ನು ಅಚ್ಚಿಗೆ ಜೋಡಿಸುವ ಲೇಟೆಕ್ ತಂತ್ರಾಂಶದ ಕಡತಗಳದು ಬೇರೆ ಕಥೆ. 1994ರಲ್ಲಿ ಈಗಿನ ಲೇಟೆಕ್ ಬರುವ ಮೊದಲು ಬರೆದವು 'ಡಾಕ್ಯುಮೆಂಟ್‌ಸ್ಟೈಲ್' ಎಂದು ಶುರುವಾಗುತ್ತವೆ. ಅನಂತರದವು 'ಡಾಕ್ಯುಮೆಂಟ್‌ಕ್ಲಾಸ್' ಎಂದು. ಹಳೆಯವನ್ನು ಹೊಂದಾಣಿಕೆಯ ಕ್ರಮದಲ್ಲಿ ಓಡಿಸಬಹುದಾದರೂ ಮೊದಲ ಸಾಲು ಬದಲಿಸಿ ಸರಿಪಡಿಸುವುದೇ ಮೇಲು. ನಿಜವಾದ ತೊಂದರೆ ಬರುವುದು ನಮ್ಮದೇ ಮ್ಯಾಕ್ರೋಗಳಿಂದ (ಉದ್ದದ ಆಜ್ಞೆಗೆ ನಾವು ಇಟ್ಟುಕೊಂಡ ಚಿಕ್ಕ ಹೆಸರುಗಳು). ಎಷ್ಟೋ ವರ್ಷದ ಹಿಂದೆ ನಾವೇ ಮಾಡಿಕೊಂಡ ಮ್ಯಾಕ್ರೋ ಕಡತ ನಮ್ಮ ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿರುತ್ತದೆ, ಪಾಠದ ಫೋಲ್ಡರಿನಲ್ಲಿ ಇರುವುದಿಲ್ಲ. ನಮ್ಮಲ್ಲಿ ಚೆನ್ನಾಗಿ ಓಡಿದ್ದು ಮುಂದಿನವರಲ್ಲಿ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಪರೀಕ್ಷೆ ಒಂದೇ: ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ನಮ್ಮದು ಏನೂ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು. ಪಿಎಸ್‌ಟ್ರಿಕ್ಸ್‌ನಲ್ಲಿ ಬರೆದ ಚಿತ್ರಗಳು ಪಿಡಿಎಫ್‌ಲೇಟೆಕ್‌ನಲ್ಲಿ ನೇರವಾಗಿ ಓಡುವುದಿಲ್ಲ. ಮುಖ್ಯವಾದ ಹತ್ತಿಪ್ಪತ್ತನ್ನು ಟಿಕ್‌ಝಡ್‌ನಲ್ಲಿ ಮತ್ತೆ ಬರೆದು, ಉಳಿದವನ್ನು ಚಿತ್ರವಾಗಿ ಉಳಿಸಿದರೆ ಸಾಕು. ಮೂಲ ಕಡತದ ಜೊತೆ ಪಿಡಿಎಫ್ ಪ್ರತಿಯೂ ಇರಲಿ. ಮುಂದಿನವರು ಇದನ್ನು ತಿದ್ದಬಹುದು, ಹಂಚಬಹುದು ಎಂದು ಮೊದಲ ಪುಟದಲ್ಲೇ ಬರೆದು ಸಹಿ ಹಾಕಿ. ಆ ಒಂದು ಸಾಲಿಲ್ಲದೆ ಒಳ್ಳೆಯ ಟಿಪ್ಪಣಿಗಳು ಸಂಕೋಚಕ್ಕೇ ಮೂಲೆಗೆ ಬೀಳುತ್ತವೆ.

ಕಾಲೇಜಿನ ಲೈಸೆನ್ಸ್‌ನಲ್ಲಿ ಬಳಸುತ್ತಿದ್ದ ಮ್ಯಾಟ್‌ಲ್ಯಾಬ್, ಮ್ಯಾಥಮೆಟಿಕಾ ನಿವೃತ್ತಿಯ ಜೊತೆಗೇ ಕೈತಪ್ಪಬಹುದು. ಪಾಠಕ್ಕೆ ಬೇಕಾದ ಚಿತ್ರಗಳನ್ನು ಜಿಯೋಜೀಬ್ರಾದಲ್ಲೋ ಸೇಜ್‌ಮ್ಯಾಥ್‌ನಲ್ಲೋ ಮಾಡಿಕೊಳ್ಳಿ. ಮಿಂಚಂಚೆಯ ವಿಷಯ ಇನ್ನೂ ಮುಖ್ಯ. ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಹಾಕುವ ಆರ್ಕೈವ್ ಖಾತೆ, ಸಂಶೋಧಕರ ಗುರುತಿನ ಆರ್ಕಿಡ್ ಸಂಖ್ಯೆ, ಪತ್ರಿಕೆಗಳ ಸಂಪಾದಕರ ಬಳಿ ಇರುವ ವಿಳಾಸ ಎಲ್ಲ ಕಾಲೇಜಿನ ಮಿಂಚಂಚೆಗೆ ಕಟ್ಟಿಕೊಂಡಿರುತ್ತವೆ. ಹಳೆಯ ಅಂಚೆಪೆಟ್ಟಿಗೆ ತೆರೆದಿರುವಾಗಲೇ ಸ್ವಂತ ವಿಳಾಸಕ್ಕೆ ಬದಲಿಸಬೇಕು. ಪಾಸ್‌ವರ್ಡ್ ಮರೆತರೆ ಬರುವ ಕೊಂಡಿ ಮುಚ್ಚಿದ ಪೆಟ್ಟಿಗೆಗೆ ಹೋದರೆ ನಾವು ನಾವೇ ಎಂದು ಸಾಬೀತು ಮಾಡಲು ತಿಂಗಳುಗಳು ಹಿಡಿಯುತ್ತವೆ.

ಸಂಶೋಧನಾ ವಿದ್ಯಾರ್ಥಿಗಳಿದ್ದರೆ ಉಳಿದ ಎಲ್ಲಕ್ಕಿಂತ ಮೊದಲು ಅವರು. ಪಿಎಚ್‌ಡಿ ಮುಗಿಯಲು ನಾಲ್ಕೈದು ವರ್ಷ ಬೇಕು. ನಿವೃತ್ತಿಗೆ ಅಷ್ಟು ವರ್ಷ ಉಳಿದಿಲ್ಲದಿದ್ದರೆ ಹೊಸಬರನ್ನು ಒಬ್ಬರೇ ಮಾರ್ಗದರ್ಶಕರಾಗಿ ತೆಗೆದುಕೊಳ್ಳಲೇಬಾರದು. ಈಗಾಗಲೇ ಇರುವವರಿಗೆ ಕನಿಷ್ಠ ಒಂದು ವರ್ಷ ಮುಂಚೆ ಸಹಮಾರ್ಗದರ್ಶಕರನ್ನು ಕಾಗದದ ಮೇಲೆ ಸೇರಿಸಿ, ಬಾಯಿಮಾತು ಸಾಲದು. ಅವರಿಗೆ ಕೊಡುವ ಬರಹದಲ್ಲಿ ಸಾಧಿಸಿದ ಫಲಿತಾಂಶಗಳ ಜೊತೆ ಸೋತ ಪ್ರಯತ್ನಗಳೂ ಇರಲಿ: ಯಾವ ಲೆಮ್ಮಾ (ಸಹಾಯಕ ಪ್ರಮೇಯ) ಹಿಡಿದು ಹೋದೆವು, ಎಲ್ಲಿ ನಿಂತಿತು, ಯಾವ ಉದಾಹರಣೆ ಅದನ್ನು ಕೆಡವಿತು. ಸೋತ ದಾರಿ ಯಾವ ಪ್ರಬಂಧದಲ್ಲೂ ಅಚ್ಚಾಗುವುದಿಲ್ಲ. ಅದನ್ನು ಹೇಳದಿದ್ದರೆ ಆ ಹುಡುಗಿಯೋ ಹುಡುಗನೋ ಹೊಸ ಮಾರ್ಗದರ್ಶಕರ ಕೈಕೆಳಗೆ ಅದೇ ಗುಂಡಿಗೆ ಬಿದ್ದು ಆರು ತಿಂಗಳು ಕಳೆಯುತ್ತಾರೆ.

ಪುಸ್ತಕಗಳನ್ನು ಮೂಟೆ ಕಟ್ಟಿ ಲೈಬ್ರರಿಯ ಬಾಗಿಲಲ್ಲಿಟ್ಟು ಬರುವುದು ದಾನವಲ್ಲ, ಅವರಿಗೆ ಹೊರೆ. ಮೊದಲು ಲೈಬ್ರರಿಯ ಕ್ಯಾಟಲಾಗ್ ನೋಡಿ ಅವರಲ್ಲಿ ಇಲ್ಲದ್ದನ್ನು ಬೇರೆ ಮಾಡಿ, ಲೈಬ್ರರಿಗಳು ವಿಷಯವಾರು ಬಳಸುವ ಡ್ಯೂಯಿ ಸಂಖ್ಯೆಯಂತೆ ಜೋಡಿಸಿ: ಬೀಜಗಣಿತ 512, ಟೊಪಾಲಜಿ 514, ಅನಾಲಿಸಿಸ್ 515, ರೇಖಾಗಣಿತ 516, ಸಂಭವನೀಯತೆ 519. ಹಾಳೆಯಲ್ಲಿ ಪಟ್ಟಿ ಮಾಡಿ ಕೊಟ್ಟರೆ ಅವರು ಬೇಕಾದ್ದನ್ನು ಗುರುತು ಹಾಕುತ್ತಾರೆ. ಅಂಚಿನ ತುಂಬ ಬರೆದ ಪ್ರತಿಗಳು ಲೈಬ್ರರಿಗೆ ಬೇಡ. ಅವು ಅದೇ ಪಾಠ ಮಾಡುವವರ ಕೈಗೆ ಹೋಗಬೇಕು. ಹಳೆಯ ಉತ್ತರಪತ್ರಿಕೆ, ಅಂಕಪಟ್ಟಿಗಳನ್ನು ನಿಯಮದ ಅವಧಿ ನೋಡಿ ಚೂರು ಮಾಡಿಸಿ. ಪತ್ರಿಕೆಗಳಿಗೆ ಬರೆದ ವಿಮರ್ಶಾ ವರದಿಗಳನ್ನೂ ಅಷ್ಟೆ, ಅವು ಗೋಪ್ಯ. ಶಿಫಾರಸು ಪತ್ರಗಳ ಪ್ರತಿ ಮಾತ್ರ ಮನೆಗೆ ಒಯ್ಯಿರಿ, ಹಳೆಯ ವಿದ್ಯಾರ್ಥಿಗಳು ನಿವೃತ್ತಿಯಾದ ಮೇಲೂ ಕೇಳಿಕೊಂಡು ಬರುತ್ತಾರೆ.

ಮೂರನೆಯ ಸೆಮಿಸ್ಟರ್‌ನಲ್ಲಿ ಹೊಸಬರ ಪಾಠಕ್ಕೆ ಹಿಂದಿನ ಸಾಲಿನಲ್ಲಿ ಹೋಗಿ ಕೂರುವುದು ಕಷ್ಟದ ಕೆಲಸ. ಬಾಯಿ ಹಾಕಬಾರದು. ವಿದ್ಯಾರ್ಥಿ ನಮ್ಮ ಕಡೆ ತಿರುಗಿ ಪ್ರಶ್ನೆ ಕೇಳಿದರೂ 'ಮೇಡಂ ಅವರನ್ನೇ ಕೇಳಿ' ಎಂದು ಮುಂದಕ್ಕೆ ಕಳಿಸಬೇಕು. ತರಗತಿಯ ಮುಂದೆ ನಾವು ಒಂದು ಸಲ ತಿದ್ದಿದರೂ ಹೊಸಬರ ಮಾತಿನ ಮೇಲಿನ ನಂಬಿಕೆ ಆ ಸೆಮಿಸ್ಟರ್ ಪೂರ್ತಿ ಮರಳುವುದಿಲ್ಲ. ಬರೆದುಕೊಂಡು ಬಂದು ಆಮೇಲೆ ಕೊಠಡಿಯಲ್ಲಿ ಕೂತು ಮಾತಾಡಿ, ಒಂದು ಸಲಕ್ಕೆ ಎರಡೇ ವಿಷಯ. ಅವರು ನಮ್ಮ ಕ್ರಮ ಬಿಟ್ಟು ಬೇರೆ ಕ್ರಮ ಹಿಡಿದರೆ ಹಿಡಿಯಲಿ. ಸರಣಿಗಳಿಗಿಂತ ಮೊದಲು ಅವಿಚ್ಛಿನ್ನತೆ ತೆಗೆದುಕೊಂಡರೂ ಪಾಠ ನಡೆಯುತ್ತದೆ. ಆಗ ಯಾವ ಕಾರ್ಡುಗಳು ಹಿಂದುಮುಂದಾಗುತ್ತವೆ ಎಂದು ಹೇಳುವುದಷ್ಟೇ ನಮ್ಮ ಕೆಲಸ. ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ನಾವು ಅಲ್ಲಿ ಕೂರುವ ಅಗತ್ಯ ಇರುವುದಿಲ್ಲ. ಆಗ ಟ್ಯುಟೋರಿಯಲ್ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು, ಏಕೆಂದರೆ ತಪ್ಪುಗಳು ಕೈಗೆ ಸಿಗುವುದು ಅಲ್ಲಿ.

ಆ ಟ್ಯುಟೋರಿಯಲ್‌ನ ಕಡೆಯ ತರಗತಿಗೆ ದೊಡ್ಡ ಉಪನ್ಯಾಸ ಸಿದ್ಧ ಮಾಡಿಕೊಂಡು ಹೋಗುವವರಿದ್ದಾರೆ. ಇಡೀ ವಿಷಯವನ್ನು ಐವತ್ತು ನಿಮಿಷದಲ್ಲಿ ಹಿಡಿದಿಡುವ ಆಸೆ. ಎದುರಿಗೆ ಕೂತವರಿಗೆ ಎರಡು ವಾರದಲ್ಲಿ ಪರೀಕ್ಷೆ, ಅವರಿಗೆ ಬೇಕಾದದ್ದು ಅದಲ್ಲ. ಮೂರು ಲೆಕ್ಕ ಕೊಟ್ಟು, ಅವರೇ ಬೋರ್ಡಿಗೆ ಬಂದು ಬಿಡಿಸಲಿ ಎಂದು ಬಿಟ್ಟು, ನಾವು ಕಿಟಕಿಯ ಪಕ್ಕ ನಿಂತರೆ ಒಳ್ಳೆಯದು.

ಕಡೆಯ ಕೆಲಸ ತರಗತಿಯಲ್ಲಿ ಇಲ್ಲ, ಮೌಲ್ಯಮಾಪನದ ಮೇಜಿನ ಮೇಲಿದೆ. ಅಂಕಗಳು ಕಚೇರಿಗೆ ಹೋಗುತ್ತವೆ, ತಪ್ಪುಗಳು ಕಾರ್ಡಿಗೆ ಹೋಗಬೇಕು. ಪ್ರತಿ ಪ್ರಶ್ನೆಯ ಕಾರ್ಡಿನಲ್ಲೂ ಕೆಳಗೊಂದು ಸಾಲು: ಇಷ್ಟು ಮಂದಿಯಲ್ಲಿ ಇಷ್ಟು ಜನ ಡೆಲ್ಟಾವನ್ನು ಎಕ್ಸ್‌ನ ಮೇಲೆ ನಿಲ್ಲಿಸಿದರು, ಇಷ್ಟು ಜನ ಎಡಭಾಗದ ರಫ್ ಕೆಲಸವನ್ನೇ ಸಾಧನೆಯೆಂದು ನಕಲು ಮಾಡಿದರು. ದಿನಾಂಕ ಹಾಕಿ. ಅದರ ಕೆಳಗೆ ಖಾಲಿ ಗೆರೆಗಳನ್ನು ಎಳೆದುಕೊಡಿ, ಕನಿಷ್ಠ ಹತ್ತು. ಕಾರ್ಡುಗಳ ಪೆಟ್ಟಿಗೆಯನ್ನು ಕೀಲಿಕೈ ಜೊತೆ ಕಚೇರಿಗೆ ಕೊಡದೆ, ಮುಂದಿನ ಸೆಮಿಸ್ಟರ್ ಆ ಪಾಠ ಮಾಡುವವರ ಮೇಜಿನ ಮೇಲೆ ಇಟ್ಟು, ಅವರ ಎದುರಿಗೇ ಮೊದಲ ಕಾರ್ಡು ತೆಗೆದು ಓದಿಸಿ.